ಗ್ರಹಣದ ಫೋಟೊಗೆ ಯಾವ ಕ್ಯಾಮೆರಾ ಬೇಕು? ಮೊದಲು ಮಾಳಿಗೆ ಹತ್ತಿ

"2027ರ ಗ್ರಹಣಕ್ಕೆ ಯಾವ ಕ್ಯಾಮೆರಾ ತಗೊಳ್ಳಲಿ ಸರ್?" ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಓದುಗರು ಮಾತು ಬದಲಿಸಿ ಇದೊಂದನ್ನೇ ಕೇಳುತ್ತಿದ್ದಾರೆ. ಕೇಳಿದ ಹೆಚ್ಚಿನವರ ಹತ್ತಿರ ಕ್ಯಾಮೆರಾ ಈಗಾಗಲೇ ಇದೆ. ಅದೇ ಸಾಕು. ದುಡ್ಡು ಹಾಕಬೇಕಾದ್ದು ಫಿಲ್ಟರ್‌ಗೆ ಮತ್ತು ಟ್ರೈಪಾಡ್‌ಗೆ. ಉಳಿದದ್ದೆಲ್ಲ ಮಾಳಿಗೆ ಮೇಲೆ ಮಾಡುವ ಅಭ್ಯಾಸ, ಅದಕ್ಕೆ ಖರ್ಚೇ ಇಲ್ಲ.

1980ರ ಫೆಬ್ರವರಿ 16ರಂದು ಖಗ್ರಾಸದ, ಅಂದ್ರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ಗ್ರಹಣದ, ಪಟ್ಟಿ ಹುಬ್ಬಳ್ಳಿ, ಗದಗದ ಮೇಲೆಯೇ ಹಾದುಹೋಗಿತ್ತು. ಆವತ್ತು ನಮ್ಮ ಕಡೆ ಬಾಗಿಲು ಹಾಕಿಕೊಂಡು ಒಳಗೆ ಕೂತವರೇ ಜಾಸ್ತಿ. ಈಗ ಅದನ್ನು ನೋಡಬೇಕು ಅಂದ್ರೆ ಪ್ರಯಾಣ ಮಾಡಲೇಬೇಕು.

1. ಎಲ್ಲಿ ನಿಲ್ಲುತ್ತೀರಿ ಅನ್ನೋದು ಮೊದಲು ಗೊತ್ತಾಗಲಿ

2027ರ ಆಗಸ್ಟ್ 2, ಸೋಮವಾರ. ಚಂದ್ರನ ನೆರಳು ದಕ್ಷಿಣ ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಷಿಯಾ, ಲಿಬಿಯಾ, ಈಜಿಪ್ಟ್, ಸೌದಿ, ಯೆಮನ್, ಸೊಮಾಲಿಯಾ ದಾಟಿ ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಈಜಿಪ್ಟಿನ ಲಕ್ಸರ್ ಸುತ್ತಮುತ್ತ ಸೂರ್ಯ 6 ನಿಮಿಷಕ್ಕೂ ಮಿಕ್ಕಿ ಪೂರ್ತಿ ಮುಚ್ಚಿರುತ್ತಾನೆ. ಜೆಡ್ಡಾದಲ್ಲೂ ಸುಮಾರು 6 ನಿಮಿಷ. ಅಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಮನೆ ಬಾಗಿಲಿಗೇ ಬಂದ ಹಾಗೆ.

ಹುಬ್ಬಳ್ಳಿಯಲ್ಲಿ ಅದೇ ದಿನ ಮಧ್ಯಾಹ್ನ ತಿರುಗಿದ ಮೇಲೆ ಪಾರ್ಶ್ವ ಗ್ರಹಣ ಮಾತ್ರ, ಅಂದ್ರೆ ಸೂರ್ಯನ ಒಂದು ಭಾಗವಷ್ಟೇ ಮುಚ್ಚುತ್ತದೆ. ಮುಂಗಾರಿನ ಮೋಡ ಬಿಟ್ಟರೆ ಅದೂ ಕಾಣುತ್ತದೆ. 2031ರ ಮೇ 21ರ ಕಂಕಣ ಗ್ರಹಣದ, ಅಂದ್ರೆ ಸೂರ್ಯನ ಅಂಚು ಬಳೆಯ ಹಾಗೆ ಉಳಿಯುವ ಗ್ರಹಣದ, ಪಟ್ಟಿ ಕೇರಳ, ತಮಿಳುನಾಡಿನ ಮೇಲಿದೆ. ಆವತ್ತು ನಮಗೆ ಸಿಗೋದು ಪಾರ್ಶ್ವವೇ, ಆದ್ರೆ ಬಹುಪಾಲು ಮುಚ್ಚಿದ್ದು. ಭಾರತದ ನೆಲದ ಮೇಲೆ ಮುಂದಿನ ಖಗ್ರಾಸ 2034ರ ಮಾರ್ಚ್ 20ರಂದು, ಲಡಾಖ್ ಕಡೆ.

ಜಾಗ ಮೊದಲು ಗೊತ್ತಾಗಬೇಕು, ಯಾಕಂದ್ರೆ ಸೂರ್ಯ ಎಷ್ಟು ಎತ್ತರದಲ್ಲಿ ಇರುತ್ತಾನೆ ಅನ್ನೋದರ ಮೇಲೆ ಉಳಿದ ಸಾಮಾನು ನಿಂತಿದೆ. ಲಕ್ಸರ್‌ನಲ್ಲಿ ಗ್ರಹಣ ನಡು ಮಧ್ಯಾಹ್ನ. ಸೂರ್ಯ 80 ಡಿಗ್ರಿಗೂ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ. ಕೆಳಗೆ ಮತ್ತೆ ಮತ್ತೆ ಇಲ್ಲಿಗೇ ಬರುತ್ತೇನೆ.

2. ಫಿಲ್ಟರ್: ಇಲ್ಲಿ ಚೌಕಾಸಿ ಬೇಡ

ಸೂರ್ಯ ಪೂರ್ತಿ ಮುಚ್ಚುವವರೆಗೂ, ಆಮೇಲೆ ಬಿಟ್ಟ ಮೇಲೂ, ಲೆನ್ಸಿನ ಮುಂದೆ ಸೌರ ಫಿಲ್ಟರ್ ಇರಲೇಬೇಕು. ನಮಗೆ ಬೇಕಾದ್ದು ಬೆಳಕಿನ ಒಂದು ಲಕ್ಷದಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುವಂಥದ್ದು. ಇದನ್ನು ಓಡಿ 5 ಅಥವಾ ಎನ್‌ಡಿ 5.0 ಅಂತ ಬರೆದಿರುತ್ತಾರೆ. ಓಡಿ ಅಂದ್ರೆ ಫಿಲ್ಟರ್ ಎಷ್ಟು ದಟ್ಟ ಅನ್ನುವ ಅಳತೆ, ಎನ್‌ಡಿ ಅಂದ್ರೆ ಬೆಳಕು ತಗ್ಗಿಸುವ ಫಿಲ್ಟರ್.

ಹೆಚ್ಚಿನವರು ಎಡವೋದು ಇಲ್ಲೇ. ಮದುವೆ ವಿಡಿಯೊ ಮಾಡುವವರ ಬ್ಯಾಗಿನಲ್ಲಿ ಎನ್‌ಡಿ 1000 ಅಂತ ಒಂದು ಕಪ್ಪು ಗಾಜು ಇರುತ್ತದೆ. "ಇದೂ ಎನ್‌ಡಿನೇ ಅಲ್ವಾ, ನಡೀತದ" ಅಂತ ಕೊಟ್ಟುಬಿಡುತ್ತಾರೆ. ನಡೆಯಲ್ಲ. ಅದು ಸಾವಿರದಲ್ಲಿ ಒಂದು ಪಾಲು ಬಿಡುತ್ತದೆ. ನಮಗೆ ಬೇಕಾದ್ದಕ್ಕಿಂತ ನೂರು ಪಟ್ಟು ಜಾಸ್ತಿ ಬೆಳಕು! ತಿರುಗಿಸಿ ಕಪ್ಪು ಮಾಡುವ ವೇರಿಯಬಲ್ ಎನ್‌ಡಿಯೂ ಬೇಡ. ಎಕ್ಸ್‌ರೇ ಹಾಳೆ, ಸಿಡಿ, ಮಸಿ ಹಿಡಿದ ಗಾಜು, ಎರಡು ಕೂಲಿಂಗ್ ಗ್ಲಾಸ್ ಒಂದರ ಮೇಲೊಂದು: ಇವುಗಳ ಮಾತೇ ಬೇಡ.

ಅಗ್ಗವೂ ಒಳ್ಳೆಯದೂ ಆದದ್ದು ಸೌರ ಫಿಲ್ಮ್. ಬೆಳ್ಳಿ ಕಾಗದದ ಹಾಗೆ ಕಾಣುವ ಹಾಳೆ, ಎ4 ಅಳತೆಯಲ್ಲೂ ಸಿಗುತ್ತದೆ. ಬಾಡರ್ ಕಂಪನಿಯದ್ದು ಹೆಸರುವಾಸಿ. ಅವರದೇ ಓಡಿ 3.8 ಹಾಳೆಯೂ ಇದೆ. ಅದು ಫೋಟೊಗೆ ಮಾತ್ರ, ಅದರಲ್ಲಿ ಕಣ್ಣಿಟ್ಟು ನೋಡುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಓಡಿ 5 ಬಿಟ್ಟು ಬೇರೆ ತರಬೇಡಿ.

ಹಾಳೆಯನ್ನು ಲೆನ್ಸಿಗೆ ಕೂರಿಸೋದು ಹೀಗೆ. ದಪ್ಪ ರಟ್ಟಿನ ಪಟ್ಟಿ ಕತ್ತರಿಸಿ ಲೆನ್ಸಿನ ಮುಂಬಾಯಿಗೆ ಸುತ್ತಿ. ಡಬ್ಬಿಯ ಮುಚ್ಚಳದ ಹಾಗೆ ಬಿಗಿಯಾಗಿ ಕೂರಬೇಕು, ಆದ್ರೆ ಒಂದೇ ಕೈಯಲ್ಲಿ ಎಳೆದರೆ ಬರಬೇಕು. ಎರಡು ರಟ್ಟಿನ ಉಂಗುರಗಳ ನಡುವೆ ಫಿಲ್ಮ್ ಇಟ್ಟು ಎರಡೂ ಬದಿ ಅಂಟುವ ಟೇಪ್ ಹಾಕಿ. ಫಿಲ್ಮನ್ನು ತಮಟೆ ಚರ್ಮದ ಹಾಗೆ ಎಳೆದು ಬಿಗಿಯಬೇಡಿ. ಒಂದಿಷ್ಟು ಸುಕ್ಕು ಇದ್ದರೆ ಚಿತ್ರ ಕೆಡಲ್ಲ, ಎಳೆದರೆ ಕೆಡುತ್ತದೆ. ಆಮೇಲೆ ಟ್ಯೂಬ್‌ಲೈಟ್ ಮುಂದೆ ಹಿಡಿದು ನೋಡಿ. ಸೂಜಿ ಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೂ ಆ ತುಂಡು ಬಿಸಾಡಿ. ನಮ್ಮ ಕಡೆ ಗಾಳಿ ಗೊತ್ತೇ ಇದೆ. ಮೂರು ಕಡೆ ಚಿಕ್ಕ ಟೇಪ್ ತುಂಡು ಹಚ್ಚಿ, ತುದಿ ಮಡಚಿಟ್ಟಿರಿ, ಕೀಳುವಾಗ ಬೆರಳಿಗೆ ಸಿಗಲಿ.

ಫಿಲ್ಟರ್ ಯಾವಾಗಲೂ ಲೆನ್ಸಿನ ಮುಂದೆಯೇ ಇರಬೇಕು. ಹಿಂದೆ ಹಾಕಿದರೆ ಲೆನ್ಸು ಒಟ್ಟುಮಾಡಿದ ಬಿಸಿಗೆ ಅದು ಸುಡುತ್ತದೆ, ಒಡೆಯುತ್ತದೆ. ಇನ್ನೊಂದು ಮಾತು. ಗ್ರಹಣ ಕನ್ನಡಕ ಹಾಕಿಕೊಂಡು, ಫಿಲ್ಟರ್ ಇಲ್ಲದ ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ಕಣ್ಣು ಹೋಗುತ್ತದೆ. ಆ ಕನ್ನಡಕ ಬರಿಗಣ್ಣಿಗೆ ಮಾಡಿದ್ದು. ಕೊಳ್ಳುವಾಗ ಅದರ ಮೇಲೆ ಐಎಸ್ಒ 12312-2 ಅನ್ನುವ ಸುರಕ್ಷತೆಯ ಗುರುತು ಇದೆಯಾ ನೋಡಿ, ಗೊತ್ತಿರುವ ಅಂಗಡಿಯಲ್ಲೇ ತಗೊಳ್ಳಿ.

3. ಲೆನ್ಸ್: 109ರಿಂದ ಭಾಗಿಸಿ

ಲೆನ್ಸಿನ ಫೋಕಲ್ ಲೆಂತ್, ಅಂದ್ರೆ ಅದರ ಮೇಲೆ ಎಂಎಂನಲ್ಲಿ ಬರೆದ ಸಂಖ್ಯೆಯನ್ನು 109ರಿಂದ ಭಾಗಿಸಿ. ಸೆನ್ಸರ್, ಅಂದ್ರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್ ಮೇಲೆ ಸೂರ್ಯ ಅಷ್ಟು ಎಂಎಂ ಅಗಲ ಬೀಳುತ್ತಾನೆ. 200 ಎಂಎಂಗೆ 1.8. 400ಕ್ಕೆ 3.7. 600ಕ್ಕೆ 5.5.

ಸೆನ್ಸರ್ ಎಷ್ಟು ದೊಡ್ಡದು? ಫುಲ್ ಫ್ರೇಮ್ ಅಂದ್ರೆ 36 ಎಂಎಂ ಅಗಲ, 24 ಎತ್ತರ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರೋದು ಕ್ರಾಪ್ ಸೆನ್ಸರ್, ಸುಮಾರು 23 ಅಗಲ, 15 ಎತ್ತರ. ಈಗ ಲೆಕ್ಕ ಮಾಡಿ. ಖಗ್ರಾಸದಲ್ಲಿ ಸೂರ್ಯನ ಸುತ್ತ ಬಿಳಿ ನೂಲಿನಂತೆ ಹರಡುವ ಕರೋನಾಗೆ ನಾಲ್ಕು ಸೂರ್ಯ ಹಿಡಿಸುವಷ್ಟಾದರೂ ಜಾಗ ಬೇಕು. ಕ್ರಾಪ್ ಸೆನ್ಸರಿಗೆ 400 ಎಂಎಂ ಹಾಕಿದರೆ ಎತ್ತರದಲ್ಲಿ ಸರಿಯಾಗಿ ನಾಲ್ಕು. 600 ಹಾಕಿದರೆ ಮೂರಕ್ಕೂ ಕಡಿಮೆ, ಕರೋನಾದ ತುದಿ ಕತ್ತರಿಸಿ ಹೋಗುತ್ತದೆ.

ಹಾಗಾಗಿ ಕ್ರಾಪ್ ಇದ್ದವರಿಗೆ 300ರಿಂದ 400, ಫುಲ್ ಫ್ರೇಮ್ ಇದ್ದವರಿಗೆ 500ರಿಂದ 600. ದೊಡ್ಡದು ಇದ್ದಷ್ಟೂ ಒಳ್ಳೆಯದು ಅನ್ನೋದು ಹಕ್ಕಿ ಫೋಟೊದವರ ಮಾತು, ಇಲ್ಲಿಗೆ ಹೊಂದಲ್ಲ.

ಇನ್ನು ಆಯ್ಕೆಗಳು. ಮನೆಯಲ್ಲಿ 70-300 ಇದ್ದರೆ ಕ್ರಾಪ್ ಕ್ಯಾಮೆರಾಗೆ ಅದೇ ಸಾಕು, ನಿಜವಾಗಲೂ. ಸಿಗ್ಮಾ, ಟ್ಯಾಮ್ರಾನ್‌ರ 150-600 ಒಳ್ಳೆಯ ಲೆನ್ಸುಗಳೇ, ಆದ್ರೆ ಒಂದೊಂದೂ ಸುಮಾರು 2 ಕಿಲೋ ತೂಗುತ್ತವೆ. ಟ್ರೈಪಾಡ್ ಕೂಡ ಅದಕ್ಕೆ ತಕ್ಕಂತೆ ದೊಡ್ಡದಾಗಬೇಕು. ಮೂರನೆಯದು ನನಗೆ ಜಾಸ್ತಿ ಇಷ್ಟ: ಮದುವೆ ಫೋಟೊಗ್ರಾಫರ್‌ಗಳ 70-200 ಎಫ್/2.8. ಎಫ್ ಅಂದ್ರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ. ಅದಕ್ಕೆ 2 ಪಟ್ಟಿನ ಟೆಲಿಕನ್ವರ್ಟರ್, ಅಂದ್ರೆ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಚಿಕ್ಕ ಗಾಜಿನ ಬಳೆ, ಸೇರಿಸಿದರೆ 400 ಎಂಎಂ ಎಫ್/5.6 ಆಯಿತು. ಸೂರ್ಯಗ್ರಹಣ ಆಗೋದೇ ಅಮಾವಾಸ್ಯೆಗೆ, ಈ ಸಲ ಅದು ಆಷಾಢದ ಅಮಾವಾಸ್ಯೆ. ಆಷಾಢದಲ್ಲಿ ನಮ್ಮಲ್ಲಿ ಮದುವೆ ಎಲ್ಲಿ? ಆ ಲೆನ್ಸುಗಳೆಲ್ಲ ಬೀರುವಿನಲ್ಲಿ ಕೂತಿರುತ್ತವೆ. ನಿಮ್ಮ ಪರಿಚಯದ ಸ್ಟುಡಿಯೊದವರಿಗೆ ಈಗಲೇ ಬಾಡಿಗೆಗೆ ಹೇಳಿಟ್ಟಿರಿ. ಒಂದು ಷರತ್ತು: ಹೊರಡುವ ಹಿಂದಿನ ದಿನ ತರುವುದಲ್ಲ, ಅಭ್ಯಾಸಕ್ಕೂ ಎರಡು ದಿನ ಅದೇ ಲೆನ್ಸ್ ಕೇಳಿ ತನ್ನಿ.

4. ಕ್ಯಾಮೆರಾ ಬಾಡಿ: ಪರದೆ ಹೊರಳಬೇಕು

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹತ್ತು ವರ್ಷ ಹಳೆಯ ಡಿಎಸ್ಎಲ್ಆರ್ ಆದರೂ ನಡೆಯುತ್ತದೆ. ನೋಡಬೇಕಾದ್ದು ಇಷ್ಟು: ಎಲ್ಲವನ್ನೂ ಕೈಯಿಂದ ಹೊಂದಿಸುವ ಮ್ಯಾನುಯಲ್ ಮೋಡ್ ಇದೆಯಾ, ರಾ ಫೈಲ್ ಬರುತ್ತದೆಯಾ, ಒಂದೇ ಸಲಕ್ಕೆ ಬೇರೆ ಬೇರೆ ಬೆಳಕಿನಲ್ಲಿ ಐದಾರು ಚಿತ್ರ ತೆಗೆಯುವ ಬ್ರಾಕೆಟಿಂಗ್ ಇದೆಯಾ. ರಾ ಅಂದ್ರೆ ಸೆನ್ಸರ್ ಕಂಡದ್ದನ್ನು ಒತ್ತಿ ಹಿಂಡದೆ ಹಾಗೇ ಇಟ್ಟುಕೊಳ್ಳುವ ಫೈಲ್.

ಎಲ್ಲಕ್ಕಿಂತ ಮುಖ್ಯ ಹಿಂದಿನ ಪರದೆ. ಲೆನ್ಸ್ ನೆತ್ತಿಯ ಕಡೆ ನೋಡುತ್ತಿದ್ದರೆ ಪರದೆ ಎಲ್ಲಿ ನೋಡುತ್ತದೆ? ನೆಲ! ಪರದೆ ಹೊರಗೆ ಬಂದು ಹೊರಳದಿದ್ದರೆ ನೀವು ಮಣ್ಣಲ್ಲಿ ಅಂಗಾತ ಮಲಗಬೇಕು. ಲಕ್ಸರ್‌ನ ಆಗಸ್ಟ್ ಬಿಸಿಲಲ್ಲಿ ಅದು ಬೇಡ. ಹೊಸದಾಗಿ ಬಾಡಿ ಕೊಳ್ಳುವುದೇ ಆದರೆ ಇದೊಂದು ಕಾರಣಕ್ಕೆ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.

ಮೊಬೈಲ್ ಒಂದೇ ಇದ್ದವರು ಸೂರ್ಯನನ್ನು ಬಿಟ್ಟುಬಿಡಿ. ಮೊಬೈಲನ್ನು ಒಂದು ಕಡೆ ನಿಲ್ಲಿಸಿ, ಖಗ್ರಾಸಕ್ಕೆ ಐದು ನಿಮಿಷ ಮುಂಚೆಯೇ ವಿಡಿಯೊ ಹಾಕಿ, ಸುತ್ತಲಿನ ಜನರ ಕಡೆ ತಿರುಗಿಸಿಡಿ. ಬೆಳಕು ಇಳಿಯುವುದು, ಜನ ಕೂಗುವುದು ಎಲ್ಲ ಅದರಲ್ಲಿ ಬರುತ್ತದೆ. ನನ್ನನ್ನು ಕೇಳಿದರೆ ಮತ್ತೆ ಮತ್ತೆ ನೋಡುವುದು ಇದೇ ವಿಡಿಯೊ.

5. ಟ್ರೈಪಾಡ್

ಅಂಗಡಿಯಲ್ಲಿ ಎಲ್ಲ ಟ್ರೈಪಾಡೂ ಗಟ್ಟಿಯಾಗೇ ಕಾಣುತ್ತವೆ. ಲೆನ್ಸ್ ಹಾಕಿ ಮೇಲೆ ಎತ್ತಿದಾಗ ಗೊತ್ತಾಗುತ್ತದೆ. ತಲೆಭಾಗ 80 ಡಿಗ್ರಿ ತನಕ ಏಳುತ್ತದೆಯಾ? ಕೆಲವು ವಿಡಿಯೊ ಹೆಡ್‌ಗಳು 60-70ಕ್ಕೇ ನಿಂತುಬಿಡುತ್ತವೆ. ಎದ್ದರೂ, ಕ್ಯಾಮೆರಾದ ಹಿಂಭಾಗ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆಯಾ? ಬಿಗಿ ಮಾಡಿ ಕೈ ಬಿಟ್ಟ ಮೇಲೆ ಲೆನ್ಸ್ ಮೆಲ್ಲಗೆ ಕೆಳಗೆ ಜಾರುತ್ತದೆಯಾ? ಒಂದು ಕಾಲು ಲೆನ್ಸಿನ ನೇರಕ್ಕೆ ಬರುವ ಹಾಗೆ ನಿಲ್ಲಿಸಿದರೆ ಮುಗ್ಗರಿಸುವುದಿಲ್ಲ. ನಡುವಿನ ಕಂಬವನ್ನು ಎತ್ತಬೇಡಿ. ಕಂಬಕ್ಕೆ ಕೊಕ್ಕೆ ಇದ್ದರೆ ನಾಲ್ಕೈದು ಕಿಲೋ ಜೋಳದ ಚೀಲ ತೂಗುಹಾಕಿ. ಪರ ಊರಿನಲ್ಲಿ ಮರಳು ತುಂಬಿದ ಚೀಲವಾದರೂ ಆದೀತು. ಗದಗದವರಿಗೆ ಒಂದು ಅನುಕೂಲ ಇದೆ. ಕಪ್ಪತಗುಡ್ಡದ ಗಾಳಿಯಲ್ಲಿ ಅಲುಗದೆ ನಿಂತ ಟ್ರೈಪಾಡ್ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಸೂರ್ಯನ ಜೊತೆ ತಾನೇ ತಿರುಗುವ ಟ್ರ್ಯಾಕರ್ ಬೇಕಾ ಅಂತ ಕೆಲವರು ಕೇಳುತ್ತಾರೆ. ಸೂರ್ಯ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು 2 ನಿಮಿಷ ತಗೊಳ್ಳುತ್ತಾನೆ. 6 ನಿಮಿಷದಲ್ಲಿ ಮೂರು ಸೂರ್ಯನಷ್ಟು ದೂರ. ಟ್ರ್ಯಾಕರ್ ಇಲ್ಲದಿದ್ದರೆ ನಡುವೆ ಎರಡು ಸಲ ಕೈಯಿಂದ ಸರಿಸಬೇಕು, ಅಷ್ಟೇ. ಟ್ರ್ಯಾಕರ್ ಇದ್ದರೆ ಅದನ್ನು ಊರಿನ ಅಕ್ಷಾಂಶಕ್ಕೆ ಹೊಂದಿಸಬೇಕು: ಹುಬ್ಬಳ್ಳಿಗೆ 15 ಡಿಗ್ರಿ ಚಿಲ್ಲರೆ, ಲಕ್ಸರ್‌ಗೆ 25.7. ಹಗಲಲ್ಲಿ ಧ್ರುವ ನಕ್ಷತ್ರ ಕಾಣಲ್ಲ, ಹಿಂದಿನ ರಾತ್ರಿಯೇ ಕೂರಿಸಿಡಬೇಕು. ಮೊದಲ ಗ್ರಹಣಕ್ಕೆ ಹೋಗುವವರಿಗೆ ನನ್ನ ಮಾತು: ಟ್ರ್ಯಾಕರ್ ಮನೆಯಲ್ಲಿರಲಿ.

6. ಚಿಲ್ಲರೆ ಸಾಮಾನು

ಕೇಬಲ್ ರಿಲೀಸ್, ಅಂದ್ರೆ ಕ್ಯಾಮೆರಾ ಮುಟ್ಟದೆ ಒತ್ತುವ ತಂತಿ ಗುಂಡಿ. ತುಂಬಿದ ಬ್ಯಾಟರಿ ಎರಡು. ಖಾಲಿ ಕಾರ್ಡು ಎರಡು. ಕಾಗದದ ಟೇಪು. ಒಂದು ಬಿಳಿ ಟವೆಲ್, ಯಾಕೆ ಅಂತ ಮುಂದೆ ಹೇಳುತ್ತೇನೆ.

7. ಮಾಳಿಗೆ ಮೇಲಿನ ಅಭ್ಯಾಸ

ಲಕ್ಸರ್‌ನ ಸೂರ್ಯ ನಮಗೆ ಇಲ್ಲೇ ಸಿಗುತ್ತಾನೆ. ಏಪ್ರಿಲ್ ಮೊದಲ ವಾರದಿಂದಲೇ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಸೂರ್ಯ 80 ಡಿಗ್ರಿ ದಾಟುತ್ತಾನೆ. ಮೇ ಮೊದಲ ವಾರದಲ್ಲಿ ನೇರ ನೆತ್ತಿಗೇ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳಲ್ಲ. ಆ ಬಿಸಿಲಲ್ಲಿ, ಮಾಳಿಗೆ ಮೇಲೆ, ಪೂರ್ತಿ ಸಾಮಾನು ಜೋಡಿಸಿ ಒಂದು ತಾಸು ನಿಂತು ನೋಡಿ. ಅಂಗಡಿಯವರು ಹೇಳದ ಎಲ್ಲವೂ ಆ ಒಂದು ತಾಸಿನಲ್ಲಿ ಗೊತ್ತಾಗುತ್ತದೆ.

ನನಗೆ ಗೊತ್ತಾದದ್ದು ಒಂದು ಹೇಳುತ್ತೇನೆ. ಜೂಮ್ ಲೆನ್ಸ್ ಮೇಲಕ್ಕೆ ಮುಖ ಮಾಡಿ ನಿಂತಿತ್ತು. 600ಕ್ಕೆ ಎಳೆದು ಇಟ್ಟಿದ್ದೆ. ನಾನು ನೀರು ಕುಡಿದು ಬರುವಷ್ಟರಲ್ಲಿ ಅದರ ಮೂತಿ ತನ್ನ ಭಾರಕ್ಕೆ ತಾನೇ ಒಳಗೆ ಜಾರಿತ್ತು. ನೋಡಿದರೆ 480! ಜೊತೆಗೆ ಫೋಕಸೂ ಹೋಗಿತ್ತು. ಅವತ್ತು ಗ್ರಹಣ ಇರಲಿಲ್ಲ, ಬಚಾವ್. ಈಗ ಜೂಮ್ ರಿಂಗ್, ಫೋಕಸ್ ರಿಂಗ್ ಎರಡಕ್ಕೂ ಟೇಪ್ ಸುತ್ತುತ್ತೇನೆ. ಲೆನ್ಸಿಗೆ ಜೂಮ್ ಲಾಕ್ ಇದ್ದರೆ ಅದನ್ನೂ ಹಾಕಿ.

ಫೋಕಸ್ ಮಾಡುವುದು ಹೀಗೆ. ಆಟೊಫೋಕಸ್ ಆಫ್. ಫಿಲ್ಟರ್ ಹಾಕಿ, ಪರದೆಯಲ್ಲಿ ಚಿತ್ರ ಹತ್ತು ಪಟ್ಟು ದೊಡ್ಡದು ಮಾಡಿ, ಸೂರ್ಯನ ಅಂಚು ಅಥವಾ ಅದರ ಮೇಲಿನ ಕಪ್ಪು ಕಲೆ ಚೂಪಾಗಿ ಕಾಣುವವರೆಗೆ ತಿರುಗಿಸಿ. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಕೂಡ ಆಫ್. ಟ್ರೈಪಾಡ್ ಮೇಲೆ ಅದೇ ತೊಂದರೆ ಕೊಡಬಹುದು. ಕರಿ ಲೆನ್ಸು ಬಿಸಿಲಿಗೆ ಕಾದಂತೆ ಫೋಕಸ್ ಮೆಲ್ಲಗೆ ಸರಿಯುತ್ತದೆ. ಬಿಳಿ ಟವೆಲ್ ಅದಕ್ಕೇ, ಲೆನ್ಸಿಗೆ ಹೊದಿಸಿಡಿ. ಪೂರ್ತಿ ಕತ್ತಲಾಗಲು ಹತ್ತು ನಿಮಿಷ ಇರುವಾಗ ಫೋಕಸ್ ಮತ್ತೊಮ್ಮೆ ನೋಡಬೇಕು.

ಹಗಲಿನ ಅಭ್ಯಾಸ ಆದ ಮೇಲೆ ಹುಣ್ಣಿಮೆಗೆ ಇನ್ನೊಂದು. ಚಂದ್ರ ಆಕಾಶದಲ್ಲಿ ಹೆಚ್ಚುಕಡಿಮೆ ಸೂರ್ಯನಷ್ಟೇ ದೊಡ್ಡದು ಕಾಣುತ್ತಾನೆ, ಅದಕ್ಕೇ ಅಲ್ವಾ ಗ್ರಹಣ ಆಗೋದು. ಒಳಗಿನ ಕರೋನಾದ ಹೊಳಪೂ ಸುಮಾರು ಹುಣ್ಣಿಮೆ ಚಂದ್ರನಷ್ಟೇ. ಉಣಕಲ್ ಕೆರೆ ದಂಡೆಯೋ, ಸಾಧನಕೇರಿಯೋ, ಎಲ್ಲಾದರೂ ಸರಿ, ಕತ್ತಲಲ್ಲಿ ಟಾರ್ಚ್ ಹಾಕದೆ ಎಲ್ಲ ಗುಂಡಿ ಒತ್ತಲು ಬರುತ್ತದೆಯಾ ನೋಡಿಕೊಳ್ಳಿ.

8. ಗ್ರಹಣದ ಹೊತ್ತಿಗೆ

ಎಫ್/8, ಐಎಸ್ಒ 100. ಇಲ್ಲಿ ಐಎಸ್ಒ ಅಂದ್ರೆ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ. ಇವೆರಡನ್ನು ಮುಟ್ಟಬೇಡಿ, ಬದಲಾಗುವುದು ಶಟರ್, ಅಂದ್ರೆ ಬೆಳಕು ಒಳಗೆ ಬೀಳುವ ಹೊತ್ತು ಮಾತ್ರ. ಕೆಳಗಿನದನ್ನು ಒಂದು ರಟ್ಟಿಗೆ ದಪ್ಪಕ್ಷರದಲ್ಲಿ ಬರೆದು ಟ್ರೈಪಾಡಿಗೆ ಕಟ್ಟಿ.

ಓಡಿ 5 ಫಿಲ್ಟರ್ ಹಾಕಿ, ಪಾರ್ಶ್ವ ಹಂತ: 1/400 ಸೆಕೆಂಡ್.
ಫಿಲ್ಟರ್ ತೆಗೆದು, ವಜ್ರದುಂಗುರ, ಅಂದ್ರೆ ಪೂರ್ತಿ ಮುಚ್ಚುವ ಮುಂಚೆ ಮತ್ತು ಬಿಟ್ಟ ಕೂಡಲೇ ಅಂಚಿನಲ್ಲಿ ಮಿಂಚುವ ಒಂದು ಬೆಳಕಿನ ಬಿಂದು: 1/500.
ಬೈಲಿ ಮಣಿಗಳು, ಅಂದ್ರೆ ಚಂದ್ರನ ಕಣಿವೆಗಳ ಸಂದಿಯಿಂದ ತೂರಿಬರುವ ಬೆಳಕಿನ ಹನಿಗಳು: 1/3200.
ಅಂಚಿನಲ್ಲಿ ಏಳುವ ಕೆಂಪು ಜ್ವಾಲೆಗಳು: 1/800.
ಒಳಗಿನ ಕರೋನಾ: 1/200.
ನಡುವಿನ ಕರೋನಾ: 1/15ರಿಂದ 1/4.
ಹೊರಗಿನ ಕರೋನಾ: 1/2ರಿಂದ 1 ಸೆಕೆಂಡ್. ಟ್ರ್ಯಾಕರ್ ಇಲ್ಲದವರು ಇದಕ್ಕಿಂತ ಮುಂದೆ ಹೋಗಬೇಡಿ, ಚಿತ್ರ ಎಳೆದ ಹಾಗೆ ಆಗುತ್ತದೆ.

ಒಂದೇ ಚಿತ್ರದಲ್ಲಿ ಇದೆಲ್ಲ ಬರಲ್ಲ. ಜ್ವಾಲೆಗೂ ಹೊರಗಿನ ಕರೋನಾಗೂ ಹೊಳಪಿನಲ್ಲಿ ನೂರಾರು ಪಟ್ಟು ವ್ಯತ್ಯಾಸ. ಅದಕ್ಕೇ ಬ್ರಾಕೆಟಿಂಗ್ ಬೇಕು ಅಂದಿದ್ದು.

ಫಿಲ್ಟರ್ ಯಾವಾಗ ತೆಗೆಯಬೇಕು? ಪೂರ್ತಿ ಮುಚ್ಚಲು 15-20 ಸೆಕೆಂಡ್ ಇರುವಾಗ. ಆಗ ಕಿಂಡಿಯಲ್ಲಿ ಕಣ್ಣಿಡಬೇಡಿ, ಪರದೆ ನೋಡಿ. ಎರಡನೇ ವಜ್ರದುಂಗುರ ಮಿಂಚಿದ ಕೂಡಲೇ ಫಿಲ್ಟರ್ ವಾಪಸ್ ಹಾಕಿ. ಇದನ್ನು ಮರೆತರೆ ಶಟರ್, ಸೆನ್ಸರ್ ಸುಡುತ್ತವೆ. ಫಿಲ್ಟರ್ ತೆಗೆದು ಇಡುವ ಜಾಗವೂ ಮೊದಲೇ ಗೊತ್ತಿರಲಿ. ಕತ್ತಲಲ್ಲಿ ಕಾಲಡಿ ಹುಡುಕುವುದು ಬೇಡ, ಕುತ್ತಿಗೆಗೆ ದಾರ ಕಟ್ಟಿಕೊಂಡರೂ ನಡೆಯುತ್ತದೆ.

ಬ್ರಾಕೆಟ್ ಎರಡು ಸುತ್ತು ಹೊಡೆದ ಮೇಲೆ ಕೇಬಲ್ ಕೈಬಿಡಿ. ಖಗ್ರಾಸದ ಒಳಗೆ, ಆ ಹೊತ್ತಿನಲ್ಲಿ ಮಾತ್ರ, ಬರಿಗಣ್ಣಿಂದ ನೋಡಬಹುದು. ಒಂದು ಪ್ಲೇಟ್ ಗಿರ್ಮಿಟ್ ತಿಂದು ಮುಗಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

9. ಕಟ್ಟಿಕೊಂಡು ಹೊರಡುವಾಗ

ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ. ಕ್ಯಾಮೆರಾ, ಲೆನ್ಸ್, ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಅದರಲ್ಲೇ ಬರಬೇಕು. ಬಿಡಿ ಬ್ಯಾಟರಿಗಳನ್ನು ದೊಡ್ಡ ಲಗೇಜಿಗೆ ಹಾಕಲು ಬಿಡುವುದಿಲ್ಲ. ಟ್ರೈಪಾಡ್ ಲಗೇಜಿಗೆ ಹೋಗಲಿ. 150-600 ಲೆನ್ಸ್ ಬೇಕೇ ಅನ್ನುವ ಪ್ರಶ್ನೆಯನ್ನು ತಕ್ಕಡಿ ಮುಂದೆ ಇನ್ನೊಮ್ಮೆ ಕೇಳಿಕೊಳ್ಳಿ.

ಬೆಲೆಬಾಳುವ ಕ್ಯಾಮೆರಾ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಈ ವಸ್ತು ಇಲ್ಲಿಂದಲೇ ಒಯ್ದದ್ದು ಅನ್ನುವ ಚೀಟಿ ಅದು. ವಾಪಸ್ ಬರುವಾಗ ಸುಂಕದ ಜಗ್ಗಾಟ ಇರಲ್ಲ. ಸೀರಿಯಲ್ ನಂಬರುಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಕೆಲಸ ಬೇಗ ಆಗುತ್ತದೆ. ಈಜಿಪ್ಟಿಗೆ ಹೋಗುವವರು ಡ್ರೋನ್ ಒಯ್ಯಲೇಬೇಡಿ. ಅನುಮತಿ ಇಲ್ಲದೆ ಅಲ್ಲಿ ಅದು ಅಪರಾಧ.

ಸೌರ ಫಿಲ್ಟರ್ ಬ್ಯಾಗಿನಲ್ಲಿ ಒತ್ತಿಹೋದರೆ ಇಷ್ಟೆಲ್ಲ ಮಾಡಿದ್ದು ದಂಡ. ಅಗಲವಾದ ಸ್ಟೀಲಿನ ರೊಟ್ಟಿ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಇಡಿ, ಇನ್ನೊಂದು ಬಿಡಿ ಫಿಲ್ಟರನ್ನೂ ಅದರಲ್ಲೇ ಇಡಿ. ಡಬ್ಬಿಯ ಮೇಲೆ ಒಳಗೇನಿದೆ ಅಂತ ದೊಡ್ಡದಾಗಿ ಬರೆದಿರಿ. ನನ್ನ ಡಬ್ಬಿ ಒಮ್ಮೆ ಅಡುಗೆ ಮನೆಗೆ ಹೋಗಿ, ತೊಳೆದು, ಕಡಕ್ ರೊಟ್ಟಿ ತುಂಬಿಕೊಂಡು ವಾಪಸ್ ಬಂದಿತ್ತು.